ವಿಜ್ಞಾನದ ಕೋಣೆಗೆ ಒಂದು ಗಾಜಿನ ಹಂಚು

ನಮ್ಮ ಊರಿನ ಪ್ರೌಢಶಾಲೆಯ ವಿಜ್ಞಾನದ ಕೋಣೆಯನ್ನು ಕತ್ತಲು ಮಾಡಿದವರು ಶಾಲೆಯ ಆಡಳಿತ ಮಂಡಳಿಯ ಸದಸ್ಯರು. ನಾನು ಬರುವ ಮೊದಲೇ ಇಟ್ಟಿಗೆ ತರಿಸಿ, ಗೌಂಡಿಯನ್ನು ಕರೆಸಿ, ಮುಂದೆ ನಿಂತು ಆ ಕೋಣೆಯ ಒಂದೇ ಒಂದು ಕಿಟಕಿಯನ್ನು ಮುಚ್ಚಿಸಿದವರು ಅವರು. ಅದರ ಪರಿಣಾಮವಾಗಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯ ಹಲವು ತಿಂಗಳ ದುಡಿಮೆ ಕೊಳೆತುಹೋಯಿತು. ಕಳೆದ ವರ್ಷದ ಈ ಸಂಗತಿಯನ್ನು ನಾನು ಕೋಪದಿಂದಲೇ ನೆನೆಯುತ್ತೇನೆ. ಆದರೆ ಕೋಪದಲ್ಲಿ ಒಂದು ಅಕ್ಷರವನ್ನೂ ಹಿಗ್ಗಿಸಿ ಬರೆದಿಲ್ಲ. ನನ್ನ ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ.

ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಯಮನೂರಿಗೆ ಹತ್ತಿರದ ಈ ಹಳ್ಳಿಗೆ ನಾನು ವಿಜ್ಞಾನ ಶಿಕ್ಷಕಿಯಾಗಿ ಬಂದೆ. ಶಾಲೆಯದು ಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ವಿಜ್ಞಾನದ ಕೋಣೆಯ ಮೂಲೆಯಲ್ಲಿ, ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿ ಇತ್ತು. ಯಾವುದೋ ವರ್ಷ ಮೇಲಿನ ಕಚೇರಿಯಿಂದ ಬಂದದ್ದು. ಅದರ ತಗಡಿನ ಮುಚ್ಚಳದಲ್ಲಿ ದೀಪ ಸಿಕ್ಕಿಸುವ ಹೋಲ್ಡರ್ ಇತ್ತು, ದೀಪವಿರಲಿಲ್ಲ. ತೊಟ್ಟಿಯ ತುಂಬ ಸುತ್ತಿಟ್ಟ ನಕಾಶೆಗಳು, ಸೀಮೆಸುಣ್ಣದ ಪೆಟ್ಟಿಗೆ, ಉತ್ತರ ಧ್ರುವ ಕಿತ್ತುಹೋದ ಒಂದು ಭೂಗೋಳ. ಗಾಜಿನ ಮೇಲೆ ಬಿಳಿಯ ಬಣ್ಣದಲ್ಲಿ ಡೆಡ್‌ಸ್ಟಾಕ್ ಪುಸ್ತಕದ ಸಂಖ್ಯೆ. ಶಾಲೆಯ ಸವೆಯದ ಸಾಮಾನುಗಳನ್ನೆಲ್ಲ ದಾಖಲಿಸುವ ಆ ಪುಸ್ತಕದಲ್ಲಿ ಒಮ್ಮೆ ಹೆಸರು ಬಿದ್ದ ಮೇಲೆ ವಸ್ತು ಉಪಯೋಗಕ್ಕೆ ಬರಲೇಬೇಕೆಂಬ ನಿಯಮವಿಲ್ಲ, ಕಳೆಯಬಾರದೆಂಬ ನಿಯಮ ಮಾತ್ರ ಇದೆ.

ಗಿಡಗಳು ಬೆಳಕಿನಲ್ಲಿ ಆಹಾರ ತಯಾರಿಸಿ ಆಮ್ಲಜನಕವನ್ನು ಹೊರಬಿಡುತ್ತವೆ ಎಂದು ನಾನು ಪಾಠ ಮಾಡಿದ ದಿನ, ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ನವಲಗುಂದದಿಂದ ಮದುವೆಯಾಗಿ ಬಂದವರು, ಮನೆಯಲ್ಲೇ ಮಗ್ಗ ಹೂಡಿ ಜಮಖಾನೆ ನೇಯುವವರು. ತಂದೆ ಅವನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಒಯ್ದು ಕೊಡುವವರು.

"ಅಕ್ಕೋರ, ಗಿಡಾ ಹವಾ ಬಿಡೂದು ಕಣ್ಣಿಗೆ ಕಾಣ್ತೈತೇನ್ರಿ?"

"ನೀರಾಗಿನ ಗಿಡದ್ದು ಕಾಣ್ತೈತಿ. ಗುಳ್ಳಿ ಗುಳ್ಳಿ ಆಗಿ ಮ್ಯಾಲ ಬರ್ತೈತಿ."

"ಹಂಗಾರ ತೋರಸ್ರಿ."

ಇಡೀ ತರಗತಿ ನಕ್ಕಿತು. ಅವಳು ನಗಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಶಿಕ್ಷಕಿಯಾಗಿ ನನ್ನನ್ನು ಯಾರಾದರೂ ನಿಜವಾಗಿ ಕೆಲಸಕ್ಕೆ ಹಚ್ಚಿದ್ದರೆ ಅದು ಆ ಒಂದು ಮಾತು.

ನಮ್ಮ ಸೀಮೆಯ ಕೆರೆ ಎರೆಮಣ್ಣಿನದು. ನೀರು ಸದಾ ಕದಡಿಕೊಂಡಿರುವುದರಿಂದ ಒಳಗೆ ಗಿಡ ಬೆಳೆಯುವುದು ಅಪರೂಪ. ಆದ್ದರಿಂದ ಒಂದು ರವಿವಾರ ಕಲಘಟಗಿಯ ಕಡೆಯ ಬಸ್ಸು ಹಿಡಿದು, ಬಮ್ಮಿಗಟ್ಟಿಯ ಹತ್ತಿರದ ಒಂದು ತಿಳಿಗೆರೆಯಿಂದ ಹೈಡ್ರಿಲ್ಲಾ ಎಂಬ ನೀರುಗಿಡ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡದಲ್ಲಿ ಇಟ್ಟುಕೊಂಡು ಬಂದೆ. ಕಂಡಕ್ಟರ್ ಬಗ್ಗಿ ನೋಡಿ, "ಇದೇನ್ರೀ ಅಕ್ಕಾರ, ಎಮ್ಮಿ ಹಿಂದಿನ ಬಸ್ಸಿಗೆ ಬರ್ತೈತೇನು?" ಎಂದ. ಸುತ್ತಲಿನವರು ನಗುತ್ತಲೇ ಕೊಡಕ್ಕೆ ಜಾಗ ಮಾಡಿಕೊಟ್ಟರು. ಮೀನುಗಳಿಗೆ ದೂರ ಹೋಗಬೇಕಾಗಲಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಊರ ಹಾಳುಬಾವಿಗೆ ಬಿಟ್ಟಿದ್ದ ಸಣ್ಣ ಮೀನುಗಳಲ್ಲಿ ಆರನ್ನು ಹುಡುಗಿಯೇ ಓಡಣಿಯಲ್ಲಿ ಹಿಡಿದು ತಂದಳು.

ತೊಟ್ಟಿಯ ತಳಕ್ಕೆ ಎರೆಮಣ್ಣು ಹಾಕಿ, ಮೇಲೆ ಉಸುಕು ಹರವಿ ಗಿಡ ನೆಟ್ಟೆವು. ಒಂದು ವಾರದೊಳಗೆ ಗಿಡಗಳ ತುದಿ ಹಳದಿಯಾಯಿತು, ಹತ್ತನೆಯ ದಿನ ಬುಡದ ಎಲೆಗಳು ಕರಗತೊಡಗಿದವು. ಕಾರಣಕ್ಕಾಗಿ ಪುಸ್ತಕ ತೆರೆಯಬೇಕಾಗಿರಲಿಲ್ಲ. ಹಾಡುಹಗಲಿನಲ್ಲಿ ಆ ಕೋಣೆಯಲ್ಲಿ ಥರ್ಮಾಮೀಟರಿನ ಗೆರೆ ಓದಲು ಬಾಗಿಲಿಗೆ ಬರಬೇಕಾಗಿತ್ತು.

ತೊಟ್ಟಿಯನ್ನು ಪಡಸಾಲೆಗೆ ತಂದಿಟ್ಟೆವು. ಮೂರನೆಯ ದಿನ, ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ, ಯಾರದೋ ಆಡು ಮೆಟ್ಟಿಲೇರಿ ಬಂದು ನೀರು ಕುಡಿಯಿತು. ಕುಡಿದು ಸುಮ್ಮನಿರದೆ ನಾನು ಕಲಘಟಗಿಯಿಂದ ತಂದ ಗಿಡದಲ್ಲಿ ಅರ್ಧ ಮೇಯ್ದಿತು. ಹೆಡ್‌ಮಾಸ್ತರರು ಅಂದೇ ತೊಟ್ಟಿಯನ್ನು ಒಳಗಿಡಿಸಿದರು. "ಗಾಜು ಒಡದ್ರ ಡೆಡ್‌ಸ್ಟಾಕಿಗೆ ಉತ್ತರಾ ಕೊಡಾವ್ರು ಯಾರ್ರಿ? ಆಡು ಕೊಡ್ತೈತೇನು?" ಎಂದರು.

ಆಗ ನಾನು ಕಿಟಕಿಯ ವಿಚಾರಕ್ಕೆ ಮಂಡಳಿಯ ಚೇರ್ಮನ್ನರ ಮನೆಗೆ ಹೋದೆ. ಅವರು ತಕ್ಕಮಟ್ಟಿಗೆ ಓದಿದವರು, ಊರಿಗೆ ಶಾಲೆ ಬರಲು ಓಡಾಡಿದವರು. ಅದನ್ನು ಮರೆಮಾಚಲು ನನಗೆ ಇಷ್ಟವಿಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, ಮಗುವಿಗೆ ತಿಳಿ ಹೇಳುವವರಂತೆ ಹೇಳಿದರು:

"ಅಕ್ಕೋರ, ನೀವು ಊರಿಗೆ ಹೊಸಬ್ರು. ಆ ಕಿಡಕಿ ಹಿಂದ ಏನೈತಿ? ಕೆರಿ ಪಾವಟಿಗಿ. ನೀರಿಗೆ ಬರೂ ಹೆಣ್ಮಕ್ಕಳನ್ನ ನೋಡ್ಕೋತ ಕುಂದರ್ತಿದ್ವು ದೊಡ್ಡ ಹುಡುಗ್ರು. ಊರ ಮರ್ಯಾದಿ ಪ್ರಶ್ನಾ ಬಂತು, ಮುಚ್ಚಿದ್ವಿ."

"ನಾನೂ ದಿನಾ ಅದ ಪಾವಟಿಗಿ ಇಳದು ನೀರ ತರ್ತೀನ್ರಿ. ನನಗೇನೂ ತ್ರಾಸ ಇಲ್ಲ."

"ನಿಮಗಿಲ್ಲ. ಬಾಕಿ ಹೆಣ್ಮಕ್ಕಳಿಗೆ?"

"ಅವ್ರು ಹೇಳಿದ್ರೇನ್ರಿ?"

"ಹೆಣ್ಮಕ್ಕಳು ಹೇಳೂತನಾ ಕಾಯ್ಬೇಕೇನ್ರಿ ನಾವು? ನಮಗ ತಿಳಿಯೂದಿಲ್ಲೇನು?"

ಮರುದಿನ ಮುಂಜಾನೆ ಕೆರೆಯ ಮೆಟ್ಟಿಲಲ್ಲಿ, ಬಟ್ಟೆಯಿಂದ ನೀರು ಸೋಸಿ ಕೊಡ ತುಂಬುತ್ತಿದ್ದ ಹೆಂಗಸರನ್ನು ನಾನೇ ಕೇಳಿದೆ. ಒಬ್ಬಾಕೆ ಕೊಡ ಎತ್ತಿಕೊಳ್ಳುತ್ತ, "ಹೌದ್ರಿ, ಹುಡುಗ್ರು ಹೂ ಹೂ ಅಂತಿದ್ವು. ಅವಕ್ಕ ಎರಡ ಬಿಗೀರಿ ಅಂದಿದ್ವಿ. ಗ್ವಾಡಿ ಕಟ್ಟರಿ ಅಂತ ಯಾರಂದ್ರು?" ಎಂದಳು. ಇನ್ನೊಬ್ಬಳು ಹಿಂದಿನಿಂದ, "ಹುಡುಗ್ರನ್ನ ಬಿಟ್ಟು ಕಿಡಕಿಗೆ ಶಿಕ್ಷಾ ಕೊಟ್ರು!" ಎಂದು ಕೂಗಿದಳು. ಅಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾರ ಮರ್ಯಾದೆಯ ಹೆಸರಿನಲ್ಲಿ ಒಂದು ಶಾಲೆಯ ಬೆಳಕನ್ನು ಕಿತ್ತುಕೊಂಡರೋ, ಅವರ ಅಭಿಪ್ರಾಯವನ್ನು ಕೇಳುವ ಕನಿಷ್ಠ ಸೌಜನ್ಯವೂ ಮಂಡಳಿಗೆ ಇರಲಿಲ್ಲ.

ಈ ನಡುವೆ ಹೆಡ್‌ಮಾಸ್ತರರು ಒಂದು ಸುತ್ತೋಲೆ ತಂದು ತೋರಿಸಿದರು. ಚಳಿಗಾಲದಲ್ಲಿ ಧಾರವಾಡದಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನವಿದೆ, ಪ್ರತಿ ಶಾಲೆಯಿಂದ ಒಂದು ಪ್ರಯೋಗ, ಒಬ್ಬ ವಿದ್ಯಾರ್ಥಿ. ನಾನು ಹುಡುಗಿಯ ಹೆಸರು ಬರೆದೆ. ಅವಳ ತಂದೆ ಶಾಲೆಗೆ ಬಂದು, ಟೋಪಿ ಸರಿಪಡಿಸಿಕೊಂಡು, ನಿಂತೇ ಮಾತಾಡಿದರು.

"ಮೆಟ್ರಿಕ್ ಆದ ಮ್ಯಾಲ ಬಿಡಸಬೇಕಂತ ಮಾಡಿದ್ನಿರಿ. ಖರೇ ಹೇಳ್ತೀನಿ, ದೂರದ ಕಾಲೇಜು ಅಂದ್ರ ಹೆದರಕಿ. ಆದ್ರ ಸಾಲಿಯವ್ರ ಕರದು ಧಾರವಾಡಕ್ಕ ಕಳಸ್ತಾರ ಅಂದ್ರ, ನಾನ ಕರ್ಕೊಂಡ ಹೋಗ್ತೀನ್ರಿ. ಹಂಗ ಕಾಲೇಜೂ, ಹುಡುಗೇರ ಹಾಸ್ಟೇಲೂ ನೋಡ್ಕೊಂಡು ಬರೂಣು. ಕಣ್ಣಿಲೆ ನೋಡಿದ್ರ ನನಗೂ ಧೈರ್ಯ ಬರ್ತೈತಿ."

ಅಂದಿನಿಂದ ಆ ಗಿಡಗಳು ಕೇವಲ ಗಿಡಗಳಾಗಿ ಉಳಿಯಲಿಲ್ಲ. ಅವು ಬದುಕಿದರೆ ಹುಡುಗಿ ಧಾರವಾಡಕ್ಕೆ ಹೋಗುತ್ತಾಳೆ. ಸತ್ತರೆ ಒಬ್ಬ ತಂದೆಗೆ ಕಾಲೇಜಿನ ಬಾಗಿಲು ನೋಡುವ ಕಾರಣವೇ ಇರುವುದಿಲ್ಲ.

ಕಿಟಕಿ ಸಿಗದಿದ್ದರೆ ದೀಪವಾದರೂ ಸಿಗಲಿ ಎಂದು ಹುಬ್ಬಳ್ಳಿಗೆ ಹೋದೆ. ದೀಪದ ಅಂಗಡಿಯವನು ಮೊದಲು ಸಾದಾ ಬಲ್ಬು ತೋರಿಸಿದ. ಅದು ಅಗ್ಗ, ಆದರೆ ಶಾಖ ಹೆಚ್ಚು. ನನಗೆ ತಂಪಾಗಿ ಉರಿಯುವ ದೀಪ ಬೇಕಾಗಿತ್ತು. ಎರಡು ಅಡಿಯ ಟ್ಯೂಬ್‌ಲೈಟು, ಅದಕ್ಕೆ ಚೋಕು, ಸ್ಟಾರ್ಟರು, ಪಟ್ಟಿ. ಎಲ್ಲ ಸೇರಿದರೆ ತಾತ್ಕಾಲಿಕ ಶಿಕ್ಷಕಿಯ ಸಂಬಳಕ್ಕೆ ದೊಡ್ಡ ಪೆಟ್ಟು.

"ಎಲ್ಲಿ ಹಾಕ್ತೀರಿ ಇದನ್ನ?" ಎಂದ ಅಂಗಡಿಯವನು.

"ಮೀನಿನ ತೊಟ್ಟಿ ಮ್ಯಾಲ."

"ಮೀನಿಗೆ ಟ್ಯೂಬ್‌ಲೈಟ್ ಏನ್ರಿ! ನಮ್ಮ ಮನ್ಯಾಕಿ ಎರಡ ವರ್ಷಾತು ಕೇಳಾಕ ಹತ್ತಿ, ಇನ್ನೂ ಹಾಕಿಲ್ಲ ನಾನು. ಆಕಿ ಮುಂದ ಇದನ್ನ ಹೇಳಬ್ಯಾಡ್ರಿ ಮತ್ತ!"

ಅವನು ತಮಾಷೆ ಮಾಡುತ್ತಲೇ ಚೋಕನ್ನು ಕಡಿಮೆ ಬೆಲೆಗೆ ಕೊಟ್ಟ. ಆದರೆ ಅವನೂ ಕೇಳಲಿಲ್ಲ, ವಿಶ್ವವಿದ್ಯಾಲಯದ ಬೆಳಕು ತುಂಬಿದ ಪ್ರಯೋಗಾಲಯಗಳಲ್ಲಿ ಓದಿದ ನನಗೂ ಹೊಳೆಯಲಿಲ್ಲ: ನಮ್ಮ ಊರಿನ ಕರೆಂಟು ಟ್ಯೂಬನ್ನು ಎಬ್ಬಿಸುವಷ್ಟು ಗಟ್ಟಿಯಾಗಿದೆಯೇ? ಶಾಲೆಗೂ ಹಿಟ್ಟಿನ ಗಿರಣಿಗೂ ಒಂದೇ ತಂತಿ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಗಿರಣಿಯ ಪಟ್ಟಿ ತಿರುಗಲು ಆರಂಭಿಸುತ್ತದೆ. ಟ್ಯೂಬು ಎರಡು ತುದಿಗಳಲ್ಲಿ ಕೆಂಪಗೆ ಕಣ್ಣು ಬಿಟ್ಟು, ನಡುಗಿ, ಸುಮ್ಮನಾಯಿತು. ಮೂರು ದಿನವೂ ಅದೇ. ಗಿರಣಿಯವರ ಹತ್ತಿರ ಹೋಗಿ ದಿನಕ್ಕೆ ಒಂದು ತಾಸು ನಿಲ್ಲಿಸುವಿರಾ ಎಂದು ಕೇಳಿದರೆ, ಮೈಯೆಲ್ಲ ಹಿಟ್ಟಾಗಿದ್ದ ಆ ಮನುಷ್ಯ ಕಣ್ಣು ಮಿಟುಕಿಸಿ, "ನಿಮ್ಮ ಮೀನಿಗೆ ಬೆಳಕ ಬೇಕಂತ ಊರ ಮಂದಿ ಜ್ವಾಳಾ ಹಂಗ ನುಂಗ್ಬೇಕೇನ್ರೀ ಅಕ್ಕೋರ?" ಎಂದ. ನ್ಯಾಯವಾದ ಪ್ರಶ್ನೆ. ನಾನು ತಲೆ ತಗ್ಗಿಸಿ ಬಂದೆ.

ಉಳಿದದ್ದು ನೂರು ವ್ಯಾಟಿನ ಬಲ್ಬು. ಗಿರಣಿ ನಡೆಯುವಾಗ ಅದು ಕೆಂಡದಂತೆ ಮಂಕಾಗಿ ಉರಿಯುತ್ತಿತ್ತು, ಗಿರಣಿ ನಿಂತಾಗ ತಗಡಿನ ಮುಚ್ಚಳ ಕೈಯಿಟ್ಟರೆ ಸುಡುತ್ತಿತ್ತು. ನೀರು ಬೆಚ್ಚಗಾಯಿತು. ಗಿಡ ದಾರದಂತೆ ಸಣ್ಣಗೆ, ಬೆಳ್ಳಗೆ ಎದ್ದು ಬಲ್ಬಿನ ಕಡೆ ಬಾಗಿತು. ತಳಕ್ಕೆ ನಾನು ಹಾಕಿಸಿದ್ದ ಎರೆಮಣ್ಣಿನ ಸತ್ವ ನೀರಿಗೆ ಇಳಿದು, ಒಂದು ಸೋಮವಾರದ ಹೊತ್ತಿಗೆ ನೀರೆಲ್ಲ ಪಾಚಿಗಟ್ಟಿ ಹಸಿರಾಗಿ, ಮೀನುಗಳು ಕಾಣದಾದವು. ಆ ಮಣ್ಣು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಮುಂಜಾನೆ ಶಾಲೆಯ ಸಿಪಾಯಿ ನನ್ನನ್ನು ಗೇಟಿನಲ್ಲೇ ಎದುರುಗೊಂಡ. ಮುಖ ಅರಳಿತ್ತು.

"ಅಕ್ಕೋರ, ಬರ್ರಿ, ನೋಡ್ಬರ್ರಿ. ನೀರ ಅಗದಿ ಕನ್ನಡಿ ಆಗೇತಿ!"

ನಿಜವಾಗಿಯೂ ಕನ್ನಡಿಯಾಗಿತ್ತು. ತೊಟ್ಟಿಯ ಆಚೆಗಿನ ಗೋಡೆಯ ಗೀರು ಸಹ ಕಾಣುತ್ತಿತ್ತು. ಆರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಿಡಗಳ ಮೇಲೆ ಬೂದಿಯಂತಹ ಗಸಿ ಕುಳಿತಿತ್ತು.

"ಏನ್ ಹಾಕಿದ್ರಿ ಕಾಕಾ?"

"ಪಟಕ ರೀ. ಮನ್ಯಾಗ ನೀರಿನ ಹರವಿಗೆ ತಿರುವ್ತೀವಲ್ಲ, ಹಂಗ. ಹರವಿಗಾದ್ರ ನಾಕ ಸುತ್ತ ಸಾಕು. ಇದು ಬಾಳ ಹಸರಾಗಿತ್ತಲ್ರಿ, ಅದಕ್ಕ ಗಡ್ಡೀನ ಬಿಟ್ಟೆ." ಆಮೇಲೆ ಮೀನುಗಳನ್ನು ಕಂಡು, ಮುಖ ಇಳಿದು, "ನಾವ್ ಕುಡೀತೀವಲ್ರಿ ಅದನ್ನ? ನಮಗೇನೂ ಆಗೂದಿಲ್ಲಲ್ಲ..." ಎಂದ.

ಕದಡಿದ ಕೆರೆಯ ನೀರನ್ನು ಪಟಕದಿಂದ, ಅಂದರೆ ಆಲಮ್ ಕಲ್ಲಿನಿಂದ, ತಿಳಿ ಮಾಡಿ ಕುಡಿದು ಬೆಳೆದ ಮನುಷ್ಯ, ತನಗೆ ಗೊತ್ತಿದ್ದ ಉಪಕಾರವನ್ನು ಮೀನಿಗೂ ಮಾಡಿದ. ಅವನ ಮೇಲೆ ನಾನು ಸಿಟ್ಟಾಗಲಿಲ್ಲ. ಸಿಟ್ಟಾಗಬೇಕಾದವರು ಬೇರೆ ಇದ್ದರು. ಬೆಳಕಿದ್ದ ಕೋಣೆಯಲ್ಲಿ ಬಲ್ಬು ಬೇಕಾಗುತ್ತಿರಲಿಲ್ಲ, ಪಟಕದವರೆಗೂ ಮಾತು ಹೋಗುತ್ತಿರಲಿಲ್ಲ. ಹುಡುಗಿ ಬಂದು ನೋಡಿದಳು. ಅಳಲಿಲ್ಲ. ಗಸಿ ಹತ್ತಿದ ಗಿಡಗಳಲ್ಲಿ ಇನ್ನೂ ಹಸಿರಿದ್ದ ನಾಲ್ಕು ತುದಿಗಳನ್ನು ಚಿವುಟಿ, ತೊಳೆದು, ಪುಸ್ತಕದ ಚೀಲದ ಬದಲು ಅಂಗೈಯಲ್ಲಿ ಹಿಡಿದುಕೊಂಡು ಮನೆಗೆ ಹೋದಳು.

ಎರಡು ವಾರಗಳ ಮೇಲೆ ಅವಳ ತಾಯಿ ನನ್ನನ್ನು ಮನೆಗೆ ಕರೆಸಿದರು. ಮಣ್ಣಿನ ಮಾಳಿಗೆಯ ಮನೆ. ನಡುಮನೆಯಲ್ಲಿ ನಿಂತ ಮಗ್ಗ, ಅದಕ್ಕೆ ನೇರವಾಗಿ ಮೇಲೆ ಬೆಳಕಿಂಡಿ. ಮಾಳಿಗೆಯಲ್ಲಿ ಬಿಟ್ಟ ಆ ಚೌಕ ರಂಧ್ರದಿಂದ ಬೆಳಕು ಕಂಬದಂತೆ ಇಳಿದು ನೆಲದ ಮೇಲೆ ನಿಂತಿತ್ತು. ಆ ಕಂಬದ ಅಂಚಿನಲ್ಲಿ, ಅಂಗಡಿಯಲ್ಲಿ ಪೆಪ್ಪರಮಿಂಟು ತುಂಬಿಡುವಂಥ ಒಂದು ಗಾಜಿನ ಬರಣಿ. ಅದರೊಳಗೆ ಹೈಡ್ರಿಲ್ಲಾ ಕಡುಹಸಿರಾಗಿ ಒತ್ತಾಗಿ ಬೆಳೆದಿತ್ತು. ಪ್ರತಿ ಎಲೆಯ ಸಂದಿಯಿಂದ ಬೆಳ್ಳಿಯ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏರುತ್ತಿದ್ದವು.

"ಕಂಡ್ವಲ್ರಿ ಅಕ್ಕೋರ?" ಎಂದಳು ಹುಡುಗಿ.

ಅವಳ ತಾಯಿ ಮಗ್ಗದ ಮುಂದಿನಿಂದ ಏಳದೆ ಹೇಳಿದರು: "ನಿಮ್ಮ ಬಲ್ಬಿನ ಬೆಳಕ ಹಳದಿ ರೀ. ಅದರಾಗ ನೀಲಿ ನೂಲು, ಹಸರ ನೂಲು ಎರಡೂ ಒಂದ ಕಾಣ್ತಾವು. ಒಮ್ಮಿ ದೀಪದಾಗ ಬಣ್ಣಾ ಆರಿಸಿ ಇಡೀ ಜಮಖಾನಿ ಬಿಚ್ಚೇನಿ ನಾನು. ನನ್ನ ಕಣ್ಣಿಗೇ ಮೋಸಾ ಮಾಡೂ ಬೆಳಕು ಗಿಡಕ್ಕ ಏನ ಸಾಕಾದೀತು?"

ಬೆಳಕಿನ ಬಣ್ಣಗಳಲ್ಲಿ ಗಿಡಗಳು ನೀಲಿಯನ್ನೂ ಕೆಂಪನ್ನೂ ಬಯಸುತ್ತವೆ ಎಂದು ಎರಡು ವರ್ಷ ಓದಿ, ಪರೀಕ್ಷೆಯಲ್ಲಿ ಬರೆದು, ಪದವಿ ಪಡೆದವಳು ನಾನು. ಆ ಓದನ್ನು ಒಂದು ಬಲ್ಬಿನ ಮುಂದೆ ನಿಂತಾಗ ಉಪಯೋಗಿಸಲು ನನಗೆ ತಿಳಿಯಲಿಲ್ಲ. ನೂಲು ಆರಿಸುವ ಹೆಂಗಸಿಗೆ ತಿಳಿದಿತ್ತು. ಮುಂದಿನ ಮಾತೂ ಅವರದೇ: "ಸಾಲಿ ಮ್ಯಾಲ ಹಂಚ ಅದಾವಲ್ರಿ. ಒಂದ ಹಂಚ ತಗದು ಗಾಜಿನ ಹಂಚ ಹಾಕ್ರಿ. ಕೆರಿ ಕಾಣೂದಿಲ್ಲ, ಆಡು ಬರೂದಿಲ್ಲ, ಗಿರಣಿಯವ್ನ ಕಾಲ ಹಿಡಿಯೂದಿಲ್ಲ. ಆಕಾಶದಾಗ ಯಾರ ಮರ್ಯಾದಿ ಹೋಗ್ತೈತಿ?"

ನಾನು ಅಂದೇ ಅರ್ಜಿ ಬರೆದೆ. ಒಂದು ಗಾಜಿನ ಹಂಚು, ಗೌಂಡಿಯ ಅರ್ಧ ದಿನದ ಕೆಲಸ. ಖರ್ಚು ನಾನೇ ಕೊಡುತ್ತೇನೆ ಎಂದೂ ಬರೆದೆ. ಮಂಡಳಿಯ ಉತ್ತರ ಬಾಯಿಮಾತಿನಲ್ಲಿ ಬಂತು: ಖಾಸಗಿಯವರು ಶಾಲೆಯ ಕಟ್ಟಡಕ್ಕೆ ಖರ್ಚು ಮಾಡುವ ಹಾಗಿಲ್ಲ, ಮೇಲಿನವರ ಮಂಜೂರಿ ಬೇಕು. ಕಿಟಕಿ ಮುಚ್ಚಲು ಯಾರ ಮಂಜೂರಿ ಇತ್ತು ಎಂದು ಎರಡನೆಯ ಅರ್ಜಿಯಲ್ಲಿ ಕೇಳಿದೆ. ಅದಕ್ಕೆ ಬಾಯಿಮಾತೂ ಬರಲಿಲ್ಲ. ಗುಮಾಸ್ತನನ್ನು ವಾರಕ್ಕೊಮ್ಮೆ ಕೇಳುತ್ತಿದ್ದೆ.

"ಅರ್ಜಿ ಏನಾತ್ರಿ?"

"ಫೈಲಿನ್ಯಾಗ ಐತ್ರಿ."

"ಫೈಲ್ ಎಲ್ಲೈತಿ?"

"ಚೇರ್ಮನ್ರ ಮನ್ಯಾಗ ಐತ್ರಿ."

"ಚೇರ್ಮನ್ರು?"

"ಸಂತಿಗೆ ಹೋಗ್ಯಾರ್ರಿ."

ಹಾಗಾದರೆ ತೊಟ್ಟಿಯನ್ನೇ ಹುಡುಗಿಯ ಮನೆಯ ಬೆಳಕಿಂಡಿಯ ಕೆಳಗಿಡೋಣವೆಂದರೆ, ಡೆಡ್‌ಸ್ಟಾಕಿನ ವಸ್ತು ಕಂಪೌಂಡು ದಾಟುವಂತಿಲ್ಲ ಎಂದರು ಹೆಡ್‌ಮಾಸ್ತರರು. ಪ್ರದರ್ಶನಕ್ಕೆ ಧಾರವಾಡಕ್ಕೆ ಹೋಗುವಾಗ ಅದು ದಾಟುವುದಿಲ್ಲವೇ ಎಂದು ಕೇಳಿದೆ. "ಅದಕ್ಕ ಆರ್ಡರ್ ಇರ್ತೈತ್ರಿ," ಎಂದರು. ಬರಣಿಯನ್ನೇ ಕಳಿಸೋಣವೆಂದೆ. "ಮನ್ಯಾಗ ಮಾಡಿದ್ದು ಸಾಲಿ ಪ್ರಯೋಗ ಹೆಂಗಾಗ್ತೈತ್ರಿ? ಸಾಲಿ ಕ್ವಾಣ್ಯಾಗ ಮಾಡಿದ್ದಂತ ನಾ ಸಹಿ ಮಾಡ್ಬೇಕು. ಸುಳ್ಳ ಸಹಿ ಮಾಡ್ಲೇನು?" ಸುಳ್ಳು ಸಹಿ ಮಾಡಿರೆಂದು ನಾನು ಹೇಳಲಾರದಾದೆ. ಹೀಗೆ ಒಬ್ಬೊಬ್ಬರ ನಿಯಮವೂ ತನ್ನ ಮಟ್ಟಿಗೆ ಸರಿಯಾಗಿತ್ತು. ಎಲ್ಲರ ನಿಯಮಗಳೂ ಸೇರಿ ಹುಡುಗಿಯನ್ನು ಊರಿನಲ್ಲೇ ಉಳಿಸಿದವು. ಪ್ರದರ್ಶನದ ದಿನ ಅವಳು ಎಂದಿನಂತೆ ತರಗತಿಗೆ ಬಂದು ಎರಡನೆಯ ಸಾಲಿನಲ್ಲಿ ಕುಳಿತಳು. ನಾನು ಹಾಜರಿ ಕರೆಯುತ್ತ ಅವಳ ಹೆಸರಿಗೆ ಬಂದೆ. ಅವಳೇ, ನಾನು ಕರೆಯುವ ಮೊದಲೇ, ಹಾಜರು ಎಂದಳು.

ಈಗ ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಳೆ. ಮೊನ್ನೆ ಅವಳ ತಂದೆ ದಾರಿಯಲ್ಲಿ ಸಿಕ್ಕು, "ಈ ವರ್ಷರ ಕರೀತಾರೇನ್ರಿ ಅಕ್ಕೋರ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಆಡಳಿತ ಮಂಡಳಿಯವರು.

ಆದ್ದರಿಂದ ಮಂಡಳಿಯ ಮಾನ್ಯ ಚೇರ್ಮನ್ನರಲ್ಲಿಯೂ ಸರ್ವ ಸದಸ್ಯರಲ್ಲಿಯೂ ಈ ಮೂಲಕ ನನ್ನ ವಿನಂತಿ. ನನ್ನ ಎರಡು ಅರ್ಜಿಗಳಿಗೆ ಕಾರಣಸಹಿತವಾದ ಲಿಖಿತ ಉತ್ತರವನ್ನು ಕೊಡಬೇಕು. ವಿಜ್ಞಾನದ ಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹಂಚನ್ನು ದಸರೆಯ ರಜೆ ಮುಗಿಯುವುದರೊಳಗೆ ಹಾಕಿಸಬೇಕು. ಮಂಜೂರಿ ಅವಶ್ಯವಿದ್ದರೆ ಅದನ್ನು ತರುವ ಹೊಣೆಯನ್ನು ಸದಸ್ಯರಲ್ಲಿ ಒಬ್ಬರು ಹೆಸರು ಹೇಳಿ ವಹಿಸಿಕೊಳ್ಳಬೇಕು. ಹಾಕಿಸಲು ಸಾಧ್ಯವಿಲ್ಲವೆಂದಾದರೆ, ಆ ಮಾತನ್ನು ನನಗೆ ಹೇಳಿ ಕಳಿಸುವುದು ಬೇಡ. ಹುಡುಗಿಯ ತಂದೆಯನ್ನು ಶಾಲೆಗೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಅವರ ಎದುರಿಗೆ ತಾವೇ ಹೇಳಬೇಕು. ಪ್ರದರ್ಶನಕ್ಕೆ ಹೆಸರು ಕಳಿಸುವ ಕೊನೆಯ ದಿನ ರಜೆ ಮುಗಿದ ಮರುವಾರವಿದೆ. ಅದಕ್ಕೆ ಮುಂಚೆ ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.